‘ಕಾಟಕಾಯಿ’ ಎಂದು ಬೈಸಿಕೊಂಡವಳು ಕೋಟೆ ಹುಡುಕಿ ಹೊರಟಾಗ

ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ನಾವು ನಾಲ್ಕು ಜನ ಒಟ್ಟಿಗೆ ಕೂರುತ್ತೇವೆ. ಒಬ್ಬಳು ಚಿತ್ರದುರ್ಗದವಳು, ಒಬ್ಬ ವಿಜಯಪುರದವ, ಇನ್ನೊಬ್ಬ ಶ್ರೀರಂಗಪಟ್ಟಣದ ಹತ್ತಿರದವ. ಒಂದು ದಿನ ಯಾಕೋ ಮಾತು ಕೋಟೆಗಳ ಕಡೆ ತಿರುಗಿತು. ಮೂವರೂ ತಮ್ಮ ತಮ್ಮ ಊರಿನ ಕೋಟೆ, ಗುಮ್ಮಟ, ಬತೇರಿಗಳ ಫೋಟೋ ತೋರಿಸಿದ್ದೇ ತೋರಿಸಿದ್ದು. ಕೊನೆಗೆ ನನ್ನ ಸರದಿ.

‘ನಿಮ್ಮ ಕಾಣಿಯೂರಲ್ಲಿ ಏನಿದೆ?’

‘ಅಡಿಕೆ ತೋಟ ಉಂಟು. ಮಳೆ ಉಂಟು’ ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ನಮ್ಮೂರಿನ ಹೆಸರಿದೆ ಎಂದು ಆಮೇಲೆ ಸೇರಿಸಿದೆ. ಆದರೆ ಕೋಟೆ? ಇಲ್ಲ. ಯುದ್ಧ? ನಮ್ಮ ಕಡೆ ಎಂತ ಯುದ್ಧ ಮಾರಾಯ್ರೆ!

ರಾತ್ರಿ ಮಲಗುವಾಗ ಮಾತ್ರ ಒಂದು ಹಳೇ ಬೈಗುಳ ನೆನಪಾಯಿತು.

ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ನಾವು ಏಳೆಂಟು ಮಕ್ಕಳು ಅಜ್ಜನ ಮನೆ ಅಂಗಳದಲ್ಲಿ ಸೇರುತ್ತಿದ್ದೆವು. ಒಣ ಹಾಕಿದ ಅಡಿಕೆ ಕಾಲಿಗೆ ಸಿಕ್ಕಿ ಚೆಲ್ಲಾಪಿಲ್ಲಿಯಾದರೆ ಜಗಲಿಯಿಂದ ಅಜ್ಜನ ಗುಡುಗು ಕೇಳುತ್ತಿತ್ತು: ‘ಎಂತದು ನಿಮ್ಮದು, ಕಲ್ಯಾಣಪ್ಪನ ಕಾಟಕಾಯಿಯಾ?’ ಕಾಟಕಾಯಿ ಅಂದರೆ ಕಾಟುಮಾವಿನ ಹಾಗೆ ಯಾವುದೋ ಕಾಡುಕಾಯಿ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಕಲ್ಯಾಣಪ್ಪ ಅದನ್ನು ಮಾರುವವನು. ಎಷ್ಟೋ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಆ ರಾತ್ರಿ ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು, ಅದು ಕಾಯಿಯಲ್ಲ. ಲೂಟಿ, ದಾಂಧಲೆ, ಕಾಟ ಎಂಬ ಅರ್ಥದ ಮಾತು. 1837ರಲ್ಲಿ ನಮ್ಮ ಸುಳ್ಯ, ಬೆಳ್ಳಾರೆ, ಪುತ್ತೂರು ಕಡೆಯ ರೈತರು ಬ್ರಿಟಿಷರ ವಿರುದ್ಧ ಎದ್ದು, ನಡೆದುಕೊಂಡೇ ಮಂಗಳೂರಿಗೆ ಹೋಗಿ ಊರನ್ನು ವಶ ಮಾಡಿಕೊಂಡರು. ಆ ದಂಗೆಗೆ ಅಂಟಿಕೊಂಡ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. 1857ಕ್ಕಿಂತ 20 ವರ್ಷ ಮೊದಲು! ಪಿಯುಸಿಯಲ್ಲಿ ಇತಿಹಾಸಕ್ಕೆ ಒಳ್ಳೆಯ ಮಾರ್ಕು ತೆಗೆದವಳು ನಾನು. ಮಂಗಳೂರಿನಲ್ಲಿ ಮೂರು ವರ್ಷ ಡಿಗ್ರಿ ಓದಿದವಳು. ನನಗೇ ಗೊತ್ತಿರಲಿಲ್ಲ.

ಜನವರಿಯಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಊರಿಗೆ ಹೋದವಳೇ ಅಜ್ಜನಿಗೆ ಹೇಳಿದೆ, ‘ಅಜ್ಜ, ಕಾಟಕಾಯಿ ನೋಡ್ಲಿಕ್ಕೆ ಹೋಗುವ.’

ಅಜ್ಜನಿಗೆ 79. ಮಂಡಿ ನೋವು, ಕಿವಿ ಸ್ವಲ್ಪ ದೂರ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕರು. ‘ಅದು ನೋಡುವಂಥದ್ದಾ ಮಗಾ?’

ಬೆಳ್ಳಾರೆ: ‘ಅಲ್ಲಿ ಎಂತ ಉಂಟು?’

ಕಾಣಿಯೂರು ನಾನು ಸಣ್ಣವಳಿದ್ದಾಗ ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಇಲ್ಲಿಂದ ನಿಂತಿಕಲ್ಲಿಗಾಗಿ ಹೋದರೆ ಬೆಳ್ಳಾರೆ ದೂರವೇನಿಲ್ಲ. ಮಾವನ ಸ್ಕೂಟರ್ ತೆಗೆದುಕೊಂಡು, ಹಿಂದೆ ಅಜ್ಜನನ್ನು ಕೂರಿಸಿಕೊಂಡು ಹೊರಟೆ. ರಸ್ತೆಯ ಎರಡೂ ಬದಿ ತೋಟ, ರಬ್ಬರು, ನಡುವೆ ಎಲ್ಲೋ ಒಂದು ಗದ್ದೆ.

ಬೆಳ್ಳಾರೆ ಪೇಟೆಯಲ್ಲಿ ಚಾ ಕುಡಿಯುತ್ತಾ ಬಂಗ್ಲೆಗುಡ್ಡೆಗೆ ದಾರಿ ಕೇಳಿದೆ. ಹೋಟೆಲಿನವರು ನನ್ನನ್ನೊಮ್ಮೆ, ಅಜ್ಜನನ್ನೊಮ್ಮೆ ನೋಡಿದರು. ‘ಅಲ್ಲಿಗಾ? ಅಲ್ಲಿ ಎಂತ ಉಂಟು?’

ಅಲ್ಲಿ ಇದ್ದದ್ದು ಸರ್ಕಾರಿ ಖಜಾನೆ. ಈ ಸೀಮೆಯ ರೈತರಿಂದ ವಸೂಲಾದ ಕಂದಾಯ ಬಂದು ಬೀಳುತ್ತಿದ್ದ ಜಾಗ. 1837ರ ಮಾರ್ಚ್ 30ರಂದು ಸುಳ್ಯದ ಹತ್ತಿರದ ಪೂಮಲೆಯಲ್ಲಿ ಸೇರಿದ್ದ ಜನ ಹೊರಟು ಮೊದಲು ಕೈಹಾಕಿದ್ದು ಇದಕ್ಕೇ.

ಯಾಕೆ ಇದಕ್ಕೆ? ಇದನ್ನು ತಿಳಿಯಲು ಮೂರು ವರ್ಷ ಹಿಂದೆ ಹೋಗಬೇಕು. ಅಮರ ಸುಳ್ಯ ಎಂದು ಕರೆಯುತ್ತಿದ್ದ ನಮ್ಮ ಈ ಸೀಮೆ ಆಗ ಕೊಡಗಿನ ಅರಸರಿಗೆ ಸೇರಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. ಘಟ್ಟದ ಕೆಳಗಿನ ನಮ್ಮ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕಂಪನಿ ಸರ್ಕಾರ ಹಣದ ರೂಪದಲ್ಲೇ ಕೊಡಬೇಕು ಅಂದಿತು.

ಕೇಳಲಿಕ್ಕೆ ಇದು ಸಣ್ಣ ಸಂಗತಿ. ಆಫೀಸಿನಲ್ಲಿ ಕೂತು ಓದಿದಾಗ ನನಗೂ ಹಾಗೇ ಅನಿಸಿತ್ತು. ಅಜ್ಜ ಒಂದೇ ಮಾತಿನಲ್ಲಿ ಹೇಳಿದರು: ‘ಗದ್ದೆಯಲ್ಲಿ ಆಗುವುದು ಭತ್ತ, ರೂಪಾಯಿ ಅಲ್ಲ.’

ಆಮೇಲೆ ವಿವರಿಸಿದರು. ಕೊಯ್ಲಾದ ಕೂಡಲೇ ಎಲ್ಲರೂ ಒಮ್ಮೆಲೇ ಮಾರಲು ಹೋದರೆ ರೇಟು ಬಿದ್ದುಹೋಗುತ್ತದೆ. ಗಡುವು ಹತ್ತಿರ ಬಂದಾಗ ವ್ಯಾಪಾರಿ ಹೇಳಿದ್ದೇ ಬೆಲೆ. ಸಾಲದಿದ್ದರೆ ಬಡ್ಡಿಗೆ ಸಾಲ. ಮಳೆ ಕೈಕೊಟ್ಟ ವರ್ಷ ಬೆಳೆಯಲ್ಲಿ ಪಾಲು ಕೊಡುವುದಾದರೆ ಪಾಲೂ ಕಡಿಮೆಯಾಗುತ್ತದೆ, ಆದರೆ ಹಣದ ಲೆಕ್ಕ ಕಡಿಮೆಯಾಗುವುದಿಲ್ಲ. ಸಂಬಳ ನಿಂತರೂ ಇಎಂಐ ನಿಲ್ಲುವುದಿಲ್ಲವಲ್ಲ, ಹಾಗೆ. ಇದನ್ನು ಅಜ್ಜ ಯಾವ ಪುಸ್ತಕದಿಂದಲೂ ಓದಿದ್ದಲ್ಲ. ಅಡಿಕೆ ಮಾರಿ ಅರವತ್ತು ವರ್ಷ ಬದುಕಿದವರಿಗೆ ಹೇಳಿಕೊಡುವುದು ಬೇಕಾ?

ಗುಡ್ಡೆಯ ಮೇಲೆ ನಿಂತಾಗ ಗಾಳಿ ಚೆನ್ನಾಗಿತ್ತು. ಟಿಕೆಟ್ ಕೌಂಟರ್ ಇಲ್ಲ, ಗೈಡ್ ಇಲ್ಲ. ನಾನು ಫೋಟೋ ತೆಗೆಯುತ್ತಿದ್ದೆ. ಅಜ್ಜ ಚಪ್ಪಲಿ ಬದಿಗೆ ಬಿಟ್ಟು ಸುಮ್ಮನೆ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ ಹೇಳಿದರು:

‘ನಮ್ಮ ಮನೆಯಿಂದಲೂ ಒಬ್ಬ ಹೋಗಿದ್ದನಂತೆ.’

‘ಎಲ್ಲಿಗೆ?’

‘ಕಾಟಕಾಯಿಗೆ. ನನ್ನ ಅಜ್ಜ ಹೇಳ್ತಿದ್ರು. ಹೋದವ ಬರಲಿಲ್ಲ.’

‘ಹೆಸರೆಂತ ಅಜ್ಜ?’

‘ಅದೇ ಗೊತ್ತಿಲ್ಲ. ಹೇಳ್ತಿರಲಿಲ್ಲ. ಸರ್ಕಾರದ ವಿರುದ್ಧ ಹೋದವನ ಹೆಸರು ಹೇಳಿದ್ರೆ ಮನೆಗೆ ತೊಂದರೆ ಅಂತ ಹೆದರಿಕೆ ಇರಬೇಕು.’

ಇಪ್ಪತ್ತೇಳು ವರ್ಷದಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಯಾಕೆ ಇಷ್ಟು ದಿನ ಹೇಳಲಿಲ್ಲ ಅಂದೆ. ‘ನೀವು ಯಾರು ಕೇಳಿದ್ದು?’ ಅಂದರು.

ಮಂಗಳೂರು: ಸಮುದ್ರಕ್ಕೆ ಮುಖ ಮಾಡಿದ ಕೋಟೆ

ಮರುದಿನ ಕಾಣಿಯೂರು ಸ್ಟೇಷನ್ನಿನಿಂದ ಮಂಗಳೂರಿಗೆ ಪ್ಯಾಸೆಂಜರ್ ರೈಲು ಹತ್ತಿದೆವು. ಸುಬ್ರಹ್ಮಣ್ಯ ರೋಡಿನಿಂದ ಬರುವ ರೈಲು ನರಿಮೊಗರು, ಕಬಕ ಪುತ್ತೂರು ದಾಟಿ ಬಂಟ್ವಾಳದ ಕಡೆ ಹೋಗುತ್ತದೆ. ದಂಗೆಯ ಜನ ನಡೆದದ್ದೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿ. ಸಿಪಾಯಿಗಳನ್ನು ಕಟ್ಟಿಕೊಂಡು ಪುತ್ತೂರಿನವರೆಗೆ ಬಂದ ಕಲೆಕ್ಟರ್ ಇವರ ಸಂಖ್ಯೆ ನೋಡಿ ಹಿಂದಿರುಗಬೇಕಾಯಿತು. ಮಾರ್ಚ್ 30ಕ್ಕೆ ಹೊರಟವರು ಏಪ್ರಿಲ್ 5ಕ್ಕೆ ಮಂಗಳೂರಿನಲ್ಲಿದ್ದರು. ಒಂದು ವಾರ. ನಮ್ಮ ರೈಲು ಎಲ್ಲೋ ಸ್ವಲ್ಪ ಹೊತ್ತು ನಿಂತದ್ದಕ್ಕೆ ನಾನು ನಾಲ್ಕು ಸಲ ಗಂಟೆ ನೋಡಿದೆ.

ಕೋಟೆ ನೋಡಬೇಕು ಅಂತ ಹೊರಟವಳಲ್ಲವಾ, ಅದಕ್ಕೆ ಮೊದಲು ಬೋಳೂರಿನ ಸುಲ್ತಾನ್ ಬತೇರಿಗೆ ಹೋದೆವು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಶತ್ರುಗಳ ಹಡಗು ಗುರುಪುರ ನದಿಯೊಳಗೆ ನುಗ್ಗದ ಹಾಗೆ ಕಾಯುವ ಬುರುಜು ಇದು. ಹೊರಗಿನಿಂದ ನೋಡಿದರೆ ಚಿಕ್ಕದು. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಸುತ್ತಲಿನ ಗೋಡೆಯಲ್ಲಿ ಬಂದೂಕು, ಫಿರಂಗಿಗೆಂದು ಬಿಟ್ಟ ಕಿಂಡಿಗಳು. ಕೆಳಗೆ ಮದ್ದುಗುಂಡು ಇಡುವ ನೆಲಮಾಳಿಗೆ. ಅದೇ ವರ್ಷ ಮಾರ್ಚ್ 11ರಂದು ಟಿಪ್ಪು ಮತ್ತು ಬ್ರಿಟಿಷರ ನಡುವೆ ಮಂಗಳೂರು ಒಪ್ಪಂದ ಆಗಿ ಎರಡನೇ ಮೈಸೂರು ಯುದ್ಧ ಮುಗಿಯಿತು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಮುತ್ತಿಗೆ ಕಂಡ ಮಂಗಳೂರಿನ ದೊಡ್ಡ ಕೋಟೆ ಈಗಿಲ್ಲ. ಉಳಿದದ್ದು ಈ ಬುರುಜು.

ಅಜ್ಜ ಮೆಟ್ಟಿಲು ಹತ್ತಲಿಲ್ಲ. ನಾನು ಇಳಿದು ಬಂದಾಗ ಕೇಳಿದರು, ‘ಆ ಕಿಂಡಿಯೆಲ್ಲ ಯಾವ ಕಡೆಗೆ ಉಂಟು?’

‘ನದಿ ಕಡೆಗೆ. ಸಮುದ್ರದ ಕಡೆಗೆ.’

‘ನಮ್ಮವರು ಬಂದದ್ದು ಗುಡ್ಡದ ಕಡೆಯಿಂದ ಅಲ್ವಾ!’

ನಿಜ. ಈ ಬಂದರಿಗೆ ಅಪಾಯ ಬರುವುದಾದರೆ ಕಡಲಿನಿಂದ ಅಂತ ಕಾದದ್ದೇ ಹೆಚ್ಚು. 1837ರಲ್ಲಿ ಜನ ಬಂದದ್ದು ಗದ್ದೆಬದುವಿನ ಮೇಲೆ, ತೋಟದ ದಾರಿಯಲ್ಲಿ. ಆಮೇಲೆ ಅವರನ್ನು ಸೋಲಿಸಲು ಬ್ರಿಟಿಷರಿಗೆ ಕಣ್ಣೂರಿನ ಕಡೆಯಿಂದ ಸೈನ್ಯ ಬಂತು.

ಎದುರಿಗೇ ತಣ್ಣೀರುಬಾವಿ ಬೀಚಿಗೆ ದೋಣಿ ಹೊರಡುತ್ತದೆ. ನಾವು ಹೋಗಲಿಲ್ಲ. ರಿಕ್ಷಾ ಹಿಡಿದು ಬಾವುಟಗುಡ್ಡೆಗೆ ಬಂದೆವು.

ಬಾವುಟಗುಡ್ಡೆ: ಹೆಸರಿನಲ್ಲೇ ಇತ್ತು

ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ಕಾಲೇಜಿನ ದಿನಗಳಲ್ಲಿ ಬಾವುಟಗುಡ್ಡೆಯ ಟಾಗೋರ್ ಪಾರ್ಕಿನಲ್ಲಿ ನಾವು ಗೆಳತಿಯರು ಕೂತು ಚರುಮುರಿ ತಿಂದದ್ದಕ್ಕೆ ಲೆಕ್ಕವೇ ಇಲ್ಲ. ಹಳೆಯ ಲೈಟ್‌ಹೌಸಿನ ಬುಡದಲ್ಲಿ ನಿಂತು ಸೂರ್ಯಾಸ್ತ ನೋಡಿದ್ದೇವೆ. ಬಾವುಟ ಅಂದರೆ ಧ್ವಜ, ಇದು ಧ್ವಜದ ಗುಡ್ಡ. ಯಾರ ಧ್ವಜ ಅಂತ ಒಂದು ದಿನವೂ ಕೇಳಲಿಲ್ಲ.

1837ರ ಏಪ್ರಿಲ್ 5ರಂದು ಬ್ರಿಟಿಷರ ಬಾವುಟ ಇಳಿಸಿ ದಂಗೆಯ ಜನ ತಮ್ಮ ಬಾವುಟ ಹಾರಿಸಿದ್ದು ಇಲ್ಲಿ. ಮುಂದೆ ನಿಂತವರು ಸುಳ್ಯ ಕಡೆಯ ಕೆದಂಬಾಡಿ ರಾಮಯ್ಯ ಗೌಡರು. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಜನರನ್ನು ಒಟ್ಟುಗೂಡಿಸಿದ ಪುಟ್ಟಬಸಪ್ಪ, ಗುಡ್ಡೆಮನೆ ಅಪ್ಪಯ್ಯ ಗೌಡ, ಕೂಜುಗೋಡು ಮಲ್ಲಪ್ಪ ಗೌಡ, ನಂದಾವರದ ಲಕ್ಷ್ಮಪ್ಪ ಬಂಗರಸ ಹೀಗೆ ಕೆಲವರ ಹೆಸರು ಉಳಿದಿದೆ. ಹದಿಮೂರು ದಿನ ಮಂಗಳೂರು ಇವರ ಕೈಯಲ್ಲಿತ್ತು ಎನ್ನುತ್ತಾರೆ.

ರಾಮಯ್ಯ ಗೌಡರ ಕಂಚಿನ ಪ್ರತಿಮೆ ಇಲ್ಲಿ ಅನಾವರಣಗೊಂಡದ್ದು 2022ರ ನವೆಂಬರ್ 19ರಂದು. ಅಂದರೆ 185 ವರ್ಷ ಕಳೆದ ಮೇಲೆ. ನಾನು ಪಾರ್ಕಿನಲ್ಲಿ ಕೂರುತ್ತಿದ್ದ ದಿನಗಳಲ್ಲಿ ಪ್ರತಿಮೆ ಇರಲಿಲ್ಲ, ನಿಜ. ಆದರೆ ಹೆಸರು ಇತ್ತಲ್ಲ?

ಅಜ್ಜ ಪ್ರತಿಮೆಯ ಎದುರು ಕೈಮುಗಿದರು. ‘ಇವರು ಮುಂದೆ ಇದ್ದವರು. ಹಿಂದೆ ಎಷ್ಟು ಜನ ಇದ್ದರೋ.’ ಅವರು ಯಾರನ್ನು ನೆನೆಸಿಕೊಂಡು ಹೇಳಿದ್ದು ಅಂತ ನನಗೆ ಗೊತ್ತಿತ್ತು.

ಅಲ್ಲಿಂದ ಬಿಕರ್ನಕಟ್ಟೆಗೆ ಹೋದೆವು. ಕಲ್ಯಾಣಸ್ವಾಮಿ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಗಲ್ಲಿಗೇರಿಸಿದ ಜಾಗ ಅದು. ಇನ್ನು ಹಲವರನ್ನು ಕಡಲಾಚೆಗೆ ಗಡೀಪಾರು ಮಾಡಿದರು. ನನ್ನ ಪಿಜಿ ಇದ್ದದ್ದು ಕುಲಶೇಖರದಲ್ಲಿ. ಮೂರು ವರ್ಷ ದಿನಾ ಬೆಳಗ್ಗೆ ಸಂಜೆ ಬಸ್ಸಿನಲ್ಲಿ ಬಿಕರ್ನಕಟ್ಟೆ ದಾಟಿದ್ದೇನೆ. ಇಯರ್‌ಫೋನ್ ಹಾಕಿಕೊಂಡು, ಕಿಟಕಿಗೆ ತಲೆ ಒರಗಿಸಿ. ‘ಬಿಕರ್ನಕಟ್ಟೆ, ಬಿಕರ್ನಕಟ್ಟೆ’ ಅಂತ ಕಂಡಕ್ಟರ್ ಕೂಗುವುದು ಈಗಲೂ ಕಿವಿಯಲ್ಲಿ ಉಂಟು.

ರಸ್ತೆ ಬದಿ ನಿಂತು ಅಜ್ಜ ಕೇಳಿದರು, ‘ನಮ್ಮವ ಇಲ್ಲಿಯವರೆಗೆ ಬಂದಿರಬಹುದಾ?’

ಬಂದಿರಬಹುದು. ದಾರಿಯಲ್ಲೇ ಬಿದ್ದಿರಬಹುದು. ಹಡಗು ಹತ್ತಿಸಿರಬಹುದು. ಹೆಸರು ಬದಲಿಸಿಕೊಂಡು ಎಲ್ಲೋ ಗದ್ದೆ ಮಾಡಿಕೊಂಡು ಬದುಕಿರಲೂಬಹುದು. ‘ಗೊತ್ತಿಲ್ಲ ಅಜ್ಜ’ ಅಂದೆ. ಬೇರೆ ಎಂತ ಹೇಳುವುದು?

ಮಡಿಕೇರಿ: ಕೋಟೆಯೊಳಗೆ ಒಂದು ಫೋನ್

ಬೆಂಗಳೂರಿಗೆ ವಾಪಸ್ ಹೋಗುವಾಗ ರಾತ್ರಿ ಬಸ್ ಬಿಟ್ಟು, ಬೆಳಗ್ಗೆ ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ಇಳಿದೆ. ನಮ್ಮ ಕಥೆ ಶುರುವಾದದ್ದು ಇಲ್ಲಿಂದ, ಮುಗಿದದ್ದೂ ಇಲ್ಲೇ ಅಂತ ಅಷ್ಟು ಹೊತ್ತಿಗೆ ತಿಳಿದಿತ್ತು.

ಮಡಿಕೇರಿ ಕೋಟೆ ಊರಿನ ನಡುವೆಯೇ ಇದೆ, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗಬಹುದು. 17ನೇ ಶತಮಾನದಲ್ಲಿ ಹಾಲೇರಿ ವಂಶದ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಆಮೇಲೆ ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಒಳಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಎದ್ದು ನಿಂತದ್ದು. ಅಂಗಳದಲ್ಲಿ ಆಳೆತ್ತರದ ಎರಡು ಆನೆಗಳ ಪ್ರತಿಮೆ. ಸೈಂಟ್ ಮಾರ್ಕ್ಸ್ ಚರ್ಚ್ ಇದ್ದ ಕಟ್ಟಡದಲ್ಲಿ ಈಗ ಮ್ಯೂಸಿಯಂ. ಅರಮನೆಯಲ್ಲಿ ಬಹಳ ವರ್ಷ ಸರ್ಕಾರಿ ಕಚೇರಿಗಳೇ ಇದ್ದವು. ಒಂದೇ ಆವರಣದಲ್ಲಿ ಅರಸರು, ಸುಲ್ತಾನ, ಕಂಪನಿ, ಕಚೇರಿ ಎಲ್ಲರ ಗುರುತೂ ಸಿಗುತ್ತದೆ.

ಮಕ್ಕಳು ಆನೆಯ ಸೊಂಡಿಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದೇ ಕೋಟೆಯ ಬಳಿ 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮನೆಯವರ ಕಣ್ಣೆದುರೇ ಗಲ್ಲಿಗೇರಿಸಿದರು. ಮನೆಯವರನ್ನು ಕರೆಸಿ ತೋರಿಸಿದ್ದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನೋಡಿದವರು ಊರಿಗೆ ಹೋಗಿ ಹೇಳಬೇಕು, ಕೇಳಿದವರು ಹೆದರಬೇಕು.

ಆಗ ನನಗೆ ಅಜ್ಜನ ಅಜ್ಜ ಯಾಕೆ ಆ ಹೆಸರು ಹೇಳುತ್ತಿರಲಿಲ್ಲ ಅಂತ ಅರ್ಥವಾಯಿತು. ಗಲ್ಲು ಒಂದು ದಿನದ್ದು. ಹೆದರಿಕೆ ಮೂರು ತಲೆಮಾರಿನದ್ದು. ಹೆಸರು ಹೋಯಿತು, ‘ಕಾಟಕಾಯಿ’ ಉಳಿಯಿತು. ಗೆದ್ದವರು ಅದನ್ನು ಲೂಟಿ ಅಂದರು, ನಾವೂ ಅದನ್ನೇ ಹೇಳಿ ಮಕ್ಕಳಿಗೆ ಬೈದೆವು. ಸುಬ್ರಹ್ಮಣ್ಯ ಪಕ್ಕದ ಕುಳ್ಕುಂದದವರಾದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದಿದ್ದಾರೆ. ಅಂದರೆ ಇದರ ಕುರಿತು ಬರೆದ ಕಾದಂಬರಿಕಾರರೂ ನಮ್ಮ ಕಡೆಯವರೇ. ನಾವು ಮಾತ್ರ ಓದಲಿಲ್ಲ.

ಆನೆಯ ನೆರಳಿನಲ್ಲಿ ಕೂತು ಅಜ್ಜನಿಗೆ ಫೋನ್ ಮಾಡಿದೆ. ಸಿಗ್ನಲ್ ಬರುತ್ತಾ ಹೋಗುತ್ತಾ ಇತ್ತು. ‘ಅಜ್ಜ, ನಿಮ್ಮ ಅಜ್ಜ ಬೇರೆ ಎಂತೆಲ್ಲ ಹೇಳಿದ್ದರು? ನೆನಪಿರುವುದೆಲ್ಲ ಹೇಳಿ, ನಾನು ರೆಕಾರ್ಡ್ ಮಾಡಿಕೊಳ್ತೇನೆ.’

‘ಈಗಲಾ? ಕರೆನ್ಸಿ ಖಾಲಿ ಆಗುದಿಲ್ವಾ ನಿಂದು?’

‘ಆಗುದಿಲ್ಲ, ನೀವು ಹೇಳಿ.’

ಹನ್ನೆರಡು ನಿಮಿಷ ಮಾತಾಡಿದರು. ಹೋದವನಿಗೆ ಆಗಷ್ಟೇ ಮದುವೆಯಾಗಿತ್ತಂತೆ. ಅವನ ಹೆಂಡತಿ ಮಳೆಗಾಲ ಮುಗಿಯುವವರೆಗೆ ರಾತ್ರಿ ಊಟಕ್ಕೆ ಒಂದು ಬಟ್ಟಲು ಹೆಚ್ಚು ಇಡುತ್ತಿದ್ದಳಂತೆ. ನಂತರ ತವರಿಗೆ ಹೋದಳಂತೆ. ಅವಳ ಹೆಸರೂ ಗೊತ್ತಿಲ್ಲ. ಇಷ್ಟೇ. ಇದು ಯಾವ ದಾಖಲೆಯಲ್ಲೂ ಇಲ್ಲ, ಸರಿಯಾ ತಪ್ಪಾ ಅಂತ ಸಾಬೀತು ಮಾಡಲಿಕ್ಕೂ ಆಗುವುದಿಲ್ಲ. ಈಗ ನನ್ನ ಫೋನಿನಲ್ಲಿ ಉಂಟು, ಅಮ್ಮನ ಫೋನಿನಲ್ಲಿ ಉಂಟು, ಮಾವನಿಗೂ ಕಳಿಸಿದ್ದೇನೆ.

ನೀವೂ ಹೋಗುವುದಾದರೆ

ಎರಡು ದಿನ ಸಾಕು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ ಕಬಕ ಪುತ್ತೂರಿನಲ್ಲಿ ಇಳಿಯಬಹುದು, ಅಥವಾ ಬಸ್ಸಿನಲ್ಲಿ ಸುಳ್ಯಕ್ಕೆ ಬರಬಹುದು. ಮೊದಲ ದಿನ ಬೆಳ್ಳಾರೆ ನೋಡಿ ಸಂಜೆಗೆ ಮಂಗಳೂರು ಸೇರಿಕೊಳ್ಳಿ. ಎರಡನೇ ದಿನ ಬೆಳಗ್ಗೆ ಬಿಸಿಲೇರುವ ಮೊದಲು ಸುಲ್ತಾನ್ ಬತೇರಿ, ಆಮೇಲೆ ಬಾವುಟಗುಡ್ಡೆ. ಅಲ್ಲೇ ಪಕ್ಕದಲ್ಲಿ ಸೈಂಟ್ ಅಲೋಶಿಯಸ್ ಚಾಪೆಲ್ ಇದೆ. ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳು ಗೋಡೆ, ಮಾಡು ತುಂಬ ಇವೆ, ಬಿಡಬೇಡಿ. ಸಮಯ ಉಳಿದರೆ ಕದ್ರಿಗೆ ಹೋಗಿ, ಅಲ್ಲಿಯ ಲೋಕೇಶ್ವರ ಕಂಚಿನ ಮೂರ್ತಿ ಕ್ರಿ.ಶ. 968ರದ್ದು. ಮಡಿಕೇರಿಗೆ ಹಿಂದಿರುಗುವ ದಾರಿಯಲ್ಲಿ ಅರ್ಧ ದಿನ ಇಟ್ಟುಕೊಳ್ಳಿ.

ಹತ್ತುವ ಹುಮ್ಮಸ್ಸಿದ್ದವರಿಗೆ ಬೆಳ್ತಂಗಡಿ ಹತ್ತಿರ ಗಡಾಯಿಕಲ್ಲು ಇದೆ. ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಅದರ ನೆತ್ತಿಯಲ್ಲಿದೆ. ಬಂಡೆಯಲ್ಲೇ ಕಡಿದ ಮೆಟ್ಟಿಲು ತುಂಬ ಕಡಿದು. ಮಳೆಗಾಲದಲ್ಲಿ ಆ ಸಾಹಸ ಬೇಡ.

ಒಂದು ಮಾತು. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ, ನಡೆಯಲು ಸಾಧ್ಯವಿದ್ದರೆ, ಜತೆಗೆ ಕರೆದುಕೊಂಡು ಹೋಗಿ. ಗೈಡಿನ ಹತ್ತಿರ ಇಲ್ಲದ್ದು ಅವರ ಹತ್ತಿರ ಇರಬಹುದು. ಅವರಾಗಿ ಹೇಳುವುದಿಲ್ಲ, ಕೇಳಬೇಕು.

ಸೋಮವಾರ ಊಟದ ಹೊತ್ತಿಗೆ ಚಿತ್ರದುರ್ಗದ ಗೆಳತಿ ಕೇಳಿದಳು, ‘ಊರಲ್ಲಿ ಏನು ಮಾಡಿದೆ?’

‘ಕೋಟೆ ನೋಡಿದೆ’ ಅಂದೆ. ಅವಳು ಡಬ್ಬಿ ಮುಚ್ಚಿ ನನ್ನ ಕಡೆ ತಿರುಗಿ ಕೂತಳು. ಹೇಳಲಿಕ್ಕೆ ತುಂಬ ಇತ್ತು. ಬೆಳ್ಳಾರೆಯಿಂದ ಶುರು ಮಾಡಿದೆ.